ಒಪ್ಪತ್ತಿನ ಅಕ್ಕಾರು

ಅಕ್ಕಾರು ಹಿರೇಕೆರೂರಿನ ಮಗಳ ಮನೆಯಲ್ಲಿ ತೀರಿಕೊಂಡ ಸುದ್ದಿ ಹಾನಗಲ್ಲಿಗೆ ಬಂದ ದಿನ, ಬಸ್ ಸ್ಟ್ಯಾಂಡ್ ಹಿಂದಿನ ನಮ್ಮ ಓಣಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತಿತ್ತು. ಶ್ರಾವಣದಾಗ ಹ್ವಾದ್ಲು, ಪುಣ್ಯವಂತಿ. ಕಿರಾಣಿ ಅಂಗಡಿಯವರು ಅಂದರು, ಎಲೆ ಅಡಿಕೆ ಮಾರುವಾಕೆ ಅಂದಳು, ನನ್ನ ಶಾಪಿಗೆ ಟ್ರೇಲರ್ ರಿಪೇರಿಗೆ ತಂದ ಗಿರಾಕಿಯೂ ಅಂದ. ನಾನು ಮುಖಕ್ಕೆ ಕವಚ ಇಳಿಸಿಕೊಂಡು ವೆಲ್ಡಿಂಗ್ ಮಾಡುತ್ತ ಕುಳಿತೆ. ಆ ಕವಚದೊಳಗೆ ಮನುಷ್ಯನ ಮುಖ ಹೇಗಿದೆ ಎಂದು ಹೊರಗಿನವರಿಗೆ ಕಾಣುವುದಿಲ್ಲ, ಅದೊಂದು ಅನುಕೂಲ.

ಪುಣ್ಯದ ವಿಚಾರ ತಿಳಿದವರು ಹೇಳಲಿ. ನನಗೆ ತಿಳಿದದ್ದು ಇಷ್ಟು: ಹೋದ ವರ್ಷದ ಶ್ರಾವಣ ಅವರನ್ನು ಅರ್ಧ ತಿಂದಿತ್ತು, ಈ ವರ್ಷದ್ದು ಉಳಿದದ್ದನ್ನು ತಿಂದಿತು.

ಅವರಿಗೆ ಒಂದು ಹೆಸರಿತ್ತು. ಅದು ಓಟಿನ ಕಾರ್ಡಿನಲ್ಲಿ ಮತ್ತು ದವಾಖಾನೆಯ ಚೀಟಿಯಲ್ಲಿ ಮಾತ್ರ ಇತ್ತು. ಊರಿಗೆಲ್ಲ ಅವರು ಖಾನಾವಳಿ ಅಕ್ಕಾರು. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಕಂಕುಳಲ್ಲಿ ಮಗಳನ್ನಿಟ್ಟುಕೊಂಡು ಆ ಖಾನಾವಳಿ ಹಾಕಿದವರು. ನಾನು ದುಂಡಸಿ ಹತ್ತಿರದ ಹಳ್ಳಿಯವನು. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಹಾನಗಲ್ಲಿನ ವೆಲ್ಡಿಂಗ್ ಶಾಪಿನಲ್ಲಿ ಕೆಲಸಕ್ಕೆ ನಿಂತೆ. ಇಂದು ಆ ಶಾಪು ನನ್ನದು. ಯಾರ ಹಂಗಿನಲ್ಲೂ ಬೆಳೆಯಲಿಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ. ಆದರೆ ಅವರ ಕೈಯ ರೊಟ್ಟಿಯನ್ನು ಆ ಮಾತಿನಿಂದ ಹೊರಗಿಡಬೇಕು.

ಅವರು ಬಡಿಸುವಾಗ ಉಣ್ಣುವವನ ಮುಖ ನೋಡುತ್ತಿರಲಿಲ್ಲ, ತಾಟು ನೋಡುತ್ತಿದ್ದರು. ಸಾಕು ಎಂದು ಬಾಯಲ್ಲಿ ಹೇಳಿ ಚಟ್ನಿಯನ್ನು ಬೆರಳಿನಿಂದ ಬಳಿಯುವವನಿಗೆ ಇನ್ನೊಂದು ರೊಟ್ಟಿ ಬೀಳುತ್ತಿತ್ತು. ಕೊನೆಯ ಗಿರಾಕಿ ಎದ್ದ ಮೇಲೆ ಅವರೂ ರೊಟ್ಟಿ ಬಡಿಯುವ ಗಂಗವ್ವನೂ ಎದುರುಬದುರು ಕುಳಿತು ಪಾತ್ರೆಯ ತಳ ಕಾಣುವವರೆಗೆ ಉಣ್ಣುತ್ತಿದ್ದರು. ಅನ್ನ ಚೆಲ್ಲುವುದು ಅವರಿಂದ ಆಗದ ಕೆಲಸ. ಉಳಿದ ಜುಣಕ, ಉಳಿದ ಬದನೆಕಾಯಿ, ಉಳಿದ ಸಾರು, ಎಲ್ಲ ಅವರ ಮೈಗೆ ಹೋಯಿತು. ಗಂಗವ್ವ ಕಡ್ಡಿಯಂತೆಯೇ ಉಳಿದಳು, ಇವರು ವರ್ಷದಿಂದ ವರ್ಷಕ್ಕೆ ಬಾಗಿಲು ತುಂಬುವಂತಾದರು.

ಭತ್ತದ ದಲಾಲಿ ಒಬ್ಬರು ಒಮ್ಮೆ ಊಟಕ್ಕೆ ಕುಳಿತು ಕೆಣಕಿದರು. "ಅಕ್ಕಾರ, ಖಾನಾವಳಿ ನೀವು ನಡಸ್ತೀರೋ, ಖಾನಾವಳಿ ನಿಮ್ಮನ್ನ ನಡಸ್ತೈತೋ?"

"ನಡಿಯೂ ಮಾತ ಎಲ್ಲಿ ಬಂತೋ ಎಪ್ಪಾ," ಎಂದರು ಅಕ್ಕಾರು, "ಇಬ್ಬರೂ ಕುಂತಬಿಟ್ಟೇವಿ."

ಎಲ್ಲರಿಗಿಂತ ಜೋರಾಗಿ ನಕ್ಕವರೂ ಅವರೇ. ಆದರೆ ನಕ್ಕ ಮೇಲೆ ಉಸಿರು ಹಿಡಿಯಲು ಅವರಿಗೆ ಗೋಡೆ ಬೇಕಾಯಿತು.

ಅವರ ದೊಡ್ಡ ಗುಣ ಎಂದರೆ ಆಡಿದ ಮಾತು. ಸವಣೂರಿನಿಂದ ವೀಳ್ಯದೆಲೆ ತುಂಬಿಕೊಂಡು ಬರುವ ಡ್ರೈವರ್ ಒಬ್ಬ, ಎರಡು ರೊಟ್ಟಿ ಇಟ್ಟಿರಿ ಎಂದು ಫೋನು ಮಾಡಿದ್ದ. ಬಂಕಾಪುರದ ಹತ್ತಿರ ಗಾಡಿ ಕೆಟ್ಟು ಅವನು ಬಂದದ್ದು ಮರುದಿನ ಮಧ್ಯಾಹ್ನ. ಅಕ್ಕಾರು ಬಟ್ಟೆಯಲ್ಲಿ ಸುತ್ತಿಟ್ಟ ರೊಟ್ಟಿಯನ್ನು ಅವನ ಮುಂದೆ ಬಿಚ್ಚಿದರು. "ನಿನ್ನಿವು. ನಿನ್ನ ಪಾಲಿನವು. ತಿನಬ್ಯಾಡ, ನೋಡಷ್ಟ," ಎಂದು ಹೇಳಿ, ಅವನು ನೋಡಿದ ಮೇಲೆ ಬಿಸಿ ರೊಟ್ಟಿ ಹಾಕಿದರು. ಇಟ್ಟಿರುತ್ತೇನೆ ಎಂದಿದ್ದರು, ಇಟ್ಟಿದ್ದರು. ಆಡಿದ ಮಾತು ಅವರಿಗೆ ಹೀಗೆ ಮುಗಿಯಬೇಕಿತ್ತು.

ನನ್ನನ್ನು ಅವರು ಹಚ್ಚಿಕೊಂಡದ್ದೂ ಇದೇ ಕಾರಣಕ್ಕೆ. ಪ್ಲಾಸ್ಟಿಕ್ ಕುರ್ಚಿಗಳು ಒಂದೊಂದಾಗಿ ಅವರ ಕೆಳಗೆ ಕಾಲು ಮುರಿದುಕೊಂಡವು. ಕಬ್ಬಿಣದ ಸ್ಟೂಲ್ ಮಾಡಿಕೊಡು ಎಂದು ಶಾಪಿಗೆ ಬಂದರು. ಶುಕ್ರವಾರ ಕೊಡುತ್ತೇನೆ ಎಂದೆ. ವೆಲ್ಡಿಂಗಿನವರ ಶುಕ್ರವಾರ ಯಾವ ತಿಂಗಳಲ್ಲಿ ಬರುತ್ತದೆ ಎಂದು ಕೇಳಿದರು. ಆ ಶುಕ್ರವಾರ ಮುಂಜಾನೆಯಿಂದ ಕರೆಂಟಿರಲಿಲ್ಲ. ನಾನು ಕಬ್ಬಿಣವನ್ನು ಗಾಡಿಗೆ ಹಾಕಿಕೊಂಡು ಬಂಕಾಪುರಕ್ಕೆ ಹೋಗಿ, ಪರಿಚಯದವರ ಶಾಪಿನಲ್ಲಿ ಕುಳಿತು ಬೆಸೆದು, ದೀಪ ಹಚ್ಚುವ ಹೊತ್ತಿಗೆ ತಂದಿಟ್ಟೆ. ಬಣ್ಣ ಇನ್ನೂ ಹಸಿ ಇತ್ತು. ಅವರು ಕುಳಿತು ನೋಡಿ, ಸೀರೆಗೆ ಹತ್ತಿದ ಬಣ್ಣವನ್ನೂ ನೋಡಿ, ಗಂಗವ್ವನಿಗೆ ಹೇಳಿದರು: "ಈ ತಮ್ಮ ಆಡಿದ್ದು ಆಡಿದ್ದ." ನನಗೆ ಜೀವನದಲ್ಲಿ ಯಾರೂ ಸರ್ಟಿಫಿಕೇಟ್ ಕೊಟ್ಟಿಲ್ಲ. ಕೊಟ್ಟದ್ದು ಅದೊಂದೇ.

ಮೊಣಕಾಲು ಸವೆದು ಹೋಗಿದ್ದವು. ಸಕ್ಕರೆ ಕಾಯಿಲೆ ಇತ್ತು. ಮಲಗಿದಾಗ ಉಸಿರು ನಿಂತು ನಿಂತು ಬರುತ್ತಿತ್ತು. ತೂಕ ಇಳಿಸದೆ ಮೊಣಕಾಲಿಗೆ ಕೈ ಹಚ್ಚುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಜಠರ ಕೊಯ್ದು ಸಣ್ಣದು ಮಾಡುವ ಆಪರೇಶನ್ ಹುಬ್ಬಳ್ಳಿಯಲ್ಲಿ ಆಗುತ್ತದೆ ಎಂದು ಮಗಳು ಹಿಡಿದ ಹಟ ಬಿಡಲಿಲ್ಲ. ಅಕ್ಕಾರು ಒಪ್ಪಿದ್ದು ಒಂದೇ ಆಸೆಗೆ. ನೆಲಕ್ಕೆ ಕುಳಿತು ರೊಟ್ಟಿ ಬಡಿಯದೆ ವರ್ಷಗಳಾಗಿದ್ದವು. ಕುಳಿತರೆ ಎಬ್ಬಿಸಲು ಮೂರು ಮಂದಿ ಬೇಕು, ಅದಕ್ಕೇ ಸ್ಟೂಲಿನ ಮೇಲಿಂದ ಗಂಗವ್ವನ ಕೈ ನೋಡುತ್ತ ಇರುತ್ತಿದ್ದರು. ಇನ್ನೊಮ್ಮೆ ಒಲೆಯ ಮುಂದೆ ನೆಲದ ಮೇಲೆ ಕೂರಬೇಕು, ಅಷ್ಟೇ.

ನನ್ನ ವ್ಯಾನಿನಲ್ಲಿಯೇ ಹೋಗಿ ಬಂದದ್ದರಿಂದ ಡಾಕ್ಟರು ಹೇಳಿದ್ದನ್ನು ನಾನೂ ಕೇಳಿದ್ದೇನೆ. ಆಹಾರದ ವಿಚಾರ ಹೇಳುವ ಹುಡುಗಿ ಒಂದು ಸಣ್ಣ ಬಟ್ಟಲು ತೋರಿಸಿದಳು. ಒಮ್ಮೆಗೆ ಇಷ್ಟೇ, ಆದರೆ ದಿನಕ್ಕೆ ಆರು ಸಲ, ತಪ್ಪಿಸುವಂತಿಲ್ಲ. ಗುಳಿಗೆ ಜೀವ ಇರುವ ತನಕ. ಬಿಟ್ಟರೆ ನರ ಒಣಗುತ್ತವೆ, ತಲೆಗೂ ಪೆಟ್ಟು ಬೀಳುತ್ತದೆ.

ಅಕ್ಕಾರು ಬಟ್ಟಲನ್ನು ತಿರುಗಿಸಿ ನೋಡಿದರು. "ಬೆಕ್ಕಿನ ಮರಿಗೆ ಹಾಲ ಹಾಕೂ ಬಟ್ಟಲಲ್ಲೇನವಾ ಇದು?"

ಆಪರೇಶನ್ನಿಗೆ ಮೊದಲು ಎರಡು ವಾರ ಬರೀ ನೀರಿನಂಥದ್ದು ಕುಡಿದುಕೊಂಡಿರಬೇಕು, ಒಳಗಿನ ಕೊಬ್ಬು ಇಳಿಯಬೇಕು ಎಂದಿದ್ದರು. ಬೇರೆಯವರಾಗಿದ್ದರೆ ಅಡಿಗೆಮನೆಯಿಂದ ದೂರ ಇರುತ್ತಿದ್ದರು. ಇವರು ಒಂದು ದಿನವೂ ಖಾನಾವಳಿ ಮುಚ್ಚಲಿಲ್ಲ. ಉಪ್ಪು ನೋಡಲಿಕ್ಕೂ ನಾಲಿಗೆಗೆ ಹಚ್ಚಲಿಲ್ಲ. ಸಾರಿನ ಹಬೆಗೆ ಮೂಗು ಒಡ್ಡಿ ಕಣ್ಣು ಮುಚ್ಚಿ, ಉಪ್ಪು ಕಡಿಮೆ ಎಂದು ಗಂಗವ್ವನಿಗೆ ಹೇಳುತ್ತಿದ್ದರು. ಅವಳು ರುಚಿ ನೋಡಿದರೆ ಕಡಿಮೆಯೇ ಇರುತ್ತಿತ್ತು. ಊಟಕ್ಕೆ ಹೋದ ನಮಗೆಲ್ಲ ನಾಚಿಕೆ. ಮಜ್ಜಿಗೆಯ ಲೋಟ ಹಿಡಿದು ಕುಳಿತವರ ಎದುರು ಎಣ್ಣೆಗಾಯಿ ಕಲಸಿ ಉಣ್ಣುವುದು ಹೇಗೆ? ಅವರೇ ಗದರುತ್ತಿದ್ದರು, ಉಣ್ರಿ ಸುಮ್ಮನ, ನಾ ಮೂಗಲೇ ಉಣ್ಣಾಕತ್ತೇನಿ ಎಂದು.

ಆಪರೇಶನ್ನಿಗೆ ಹೊರಟ ದಿನ ವ್ಯಾನು ಶಿಗ್ಗಾಂವಿ ದಾಟುವಾಗ ಅವರು ಕೈ ಮುಗಿದು ಗಟ್ಟಿಯಾಗಿಯೇ ಬೇಡಿಕೊಂಡರು. "ಈಶ್ವರಾ, ಎದ್ದ ಬಂದ್ರ ಈ ಶ್ರಾವಣ ಪೂರ್ತಿ ಒಪ್ಪತ್ತ ಮಾಡ್ತೇನಿ." ದಿನಕ್ಕೆ ಒಂದೇ ಊಟ, ತಿಂಗಳು ಪೂರ್ತಿ. ಮಗಳೂ ಕೈ ಮುಗಿದಳು, ಸ್ಟೇರಿಂಗ್ ಹಿಡಿದ ನಾನೂ ತಲೆ ಬಾಗಿಸಿದೆ. ನಮ್ಮ ಕಡೆ ಎಲ್ಲರೂ ಬೇಡಿಕೊಳ್ಳುವುದೇ ಹಾಗೆ. ಆ ಮಾತು ಯಾರ ಕಿವಿಗೂ ಬೇರೆಯಾಗಿ ಕೇಳಲಿಲ್ಲ.

ಅವರು ಎದ್ದು ಬಂದರು.

ಮೊದಲ ತಿಂಗಳಲ್ಲೇ ಮೈ ಇಳಿಯತೊಡಗಿತು. ಜಂಪರಿನ ತೋಳು ಜೋತಾಡಿತು, ಗಲ್ಲದ ಚರ್ಮ ಖಾಲಿ ಚೀಲದಂತೆ ಇಳಿಬಿದ್ದಿತು. ಊರಿಗೆ ಆಪರೇಶನ್ನಿನ ವಿಷಯ ಪೂರ್ತಿ ತಿಳಿದಿರಲಿಲ್ಲ. ಅಕ್ಕಾರಿಗೆ ದೊಡ್ಡ ಬ್ಯಾನಿ ಹತ್ತೈತಿ ಎಂದು ಪಿಸುಮಾತು ಹಬ್ಬಿತು. ಕೆಲವರು ಖಾನಾವಳಿ ಬದಲಿಸಿದರು. ತಾನೇ ಉಣ್ಣದಾಕೆಯ ಅಡಿಗೆ ನಾವು ಹೇಗೆ ಉಣ್ಣುವುದು ಎಂದು ಒಬ್ಬ ನನ್ನೆದುರೇ ಅಂದ, ನನ್ನಿಂದ ಅನಿಸಿಕೊಂಡ. ಅಕ್ಕಾರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಸ್ಟೂಲಿನ ಮೇಲೆ ಕುಳಿತು ಬೆಕ್ಕಿನ ಬಟ್ಟಲಿನಲ್ಲಿ ಬೇಳೆಯ ಕಟ್ಟು ಹಾಕಿಕೊಂಡು, ಚಮಚ ಚಮಚವಾಗಿ, ಹೊತ್ತು ಹೊತ್ತಿಗೆ ಆರು ಸಲ ಉಣ್ಣುತ್ತಿದ್ದರು. ಒಂದು ತುತ್ತು ಹೆಚ್ಚಾದರೆ ಎದೆ ಹಿಡಿದುಕೊಳ್ಳುತ್ತಿತ್ತು. ಹಸಿವೆಂಬುದೇ ಇಲ್ಲ, ಕೆಲಸ ಅಂತ ಉಣ್ಣುತ್ತೇನೆ ಎನ್ನುತ್ತಿದ್ದರು. ಉಳಿದ ಅಡಿಗೆಯನ್ನು ಈಗ ಗಂಗವ್ವ ಮನೆಗೆ ಒಯ್ಯುತ್ತಿದ್ದಳು.

ಒಂದು ದಿನ ನಾನು ಊಟಕ್ಕೆ ಹೋದಾಗ ಸ್ಟೂಲು ಖಾಲಿ ಇತ್ತು. ಒಳಗೆ ಇಣುಕಿದರೆ ಅಕ್ಕಾರು ಒಲೆಯ ಮುಂದೆ ನೆಲದ ಮೇಲೆ ಕಾಲು ಮಡಿಸಿ ಕುಳಿತು ರೊಟ್ಟಿ ಬಡಿಯುತ್ತಿದ್ದರು. ಹಿಟ್ಟು ಅವರ ಅಂಗೈಯ ಕೆಳಗೆ ತಿರುಗುತ್ತ ಅಗಲವಾಗುತ್ತಿತ್ತು. ಮುಖದ ಮೇಲೆ ಬೆವರು, ಹಿಟ್ಟು, ನಗು. "ನೆಲ ಸಿಕ್ಕಿತ ನೋಡೋ ತಮ್ಮಾ," ಎಂದರು. ಅಂದು ನಾನು ಎಷ್ಟು ರೊಟ್ಟಿ ಉಂಡೆನೋ ನನಗೇ ಗೊತ್ತಿಲ್ಲ. ಅವರು ಬಡಿಯುತ್ತಲೇ ಇದ್ದರು.

ಅದಾಗಿ ಸ್ವಲ್ಪ ದಿನಕ್ಕೆ ಶ್ರಾವಣ ಬಂತು.

ಮೊದಲ ದಿನವೇ ಬಟ್ಟಲು ಬೋರಲು ಬಿದ್ದದ್ದು ಕಂಡು ಕೇಳಿದೆ. ಒಪ್ಪತ್ತು ಎಂದರು. ಸಂಜೆ ಪೂಜೆಯಾದ ಮೇಲೆ ಒಂದೇ ಸಲ. ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. ಆರು ಸಲದ್ದು ಒಂದು ಸಲಕ್ಕೆ ಬಂದರೆ ಆ ಬಟ್ಟಲಿನಲ್ಲಿ ಜೀವ ಹೇಗೆ ಹಿಡಿಯುತ್ತದೆ ಎಂದು ವಾದಿಸಿದೆ. ಅವರು ಸಿಟ್ಟಾಗಲಿಲ್ಲ. "ಡಾಕ್ಟರಿಗೆ ನಾ ಮಾತ ಕೊಟ್ಟಿಲ್ಲೋ ತಮ್ಮಾ. ಅವ್ರು ಹೇಳಿದ್ರು, ನಾ ಕೇಳಿದೆ. ಮಾತ ಕೊಟ್ಟಿದ್ದು ಅವಗ," ಎಂದು ಗುಡಿಯ ದಿಕ್ಕಿಗೆ ಕೈ ಮಾಡಿದರು.

ಗುಳಿಗೆಯಾದರೂ ತೆಗೆದುಕೊಳ್ಳುತ್ತಿದ್ದರು. ಅದಕ್ಕೂ ಒಂದು ಕಲ್ಲು ಬಿತ್ತು. ಅಕ್ಕಿ ಮಿಲ್ಲಿನ ಗುಮಾಸ್ತ ಉಣ್ಣುತ್ತ ಮೊಬೈಲಿನಲ್ಲಿ ಏನೋ ಓದಿ, ಕ್ಯಾಪ್ಸೂಲಿನ ಸಿಪ್ಪೆಯನ್ನು ದನದ ಎಲುಬಿನಿಂದ ಮಾಡುತ್ತಾರಂತೆ ಎಂದು ಪಂಕ್ತಿಗೆಲ್ಲ ಕೇಳುವಂತೆ ಹೇಳಿದ. ಅವನಿಗೆ ಅದು ಬಾಯಿಚಪಲ. ಅಕ್ಕಾರು ಲಿಂಗ ಕಟ್ಟಿದವರು, ಮೊಟ್ಟೆ ಇಟ್ಟ ಅಂಗಡಿಯ ಬ್ರೆಡ್ಡೂ ಮುಟ್ಟದವರು. ಶ್ರಾವಣ ಮುಗಿಯುವವರೆಗೆ ಗುಳಿಗೆ ಬೇಡ ಎಂದು ಡಬ್ಬಿಯನ್ನು ಗೋಡೆಯ ಮಾಡದಲ್ಲಿಟ್ಟರು. ಸಿಪ್ಪೆ ಬಿಚ್ಚಿ ಒಳಗಿನ ಪುಡಿ ನೀರಿನಲ್ಲಿ ಕಲಸಿ ಕುಡಿಯಿರಿ ಎಂದೆ.

"ಎಲುಬಿನ ಡಬ್ಬಿಯೊಳಗಿನ ಸಕ್ರಿ ನೀ ತಿಂತಿ ಏನ?" ಎಂದು ಕೇಳಿದರು.

ಮಗಳಿಗೆ ಫೋನು ಮಾಡಿದೆ. ಅವಳು ಹಿರೇಕೆರೂರಿನಿಂದ ಬಂದು ಅತ್ತಳು, ಜಗಳಾಡಿದಳು, ಹೋದಳು. ನಾನು ಅವರ ಮಠದ ಸ್ವಾಮಿಗಳ ಹತ್ತಿರ ಹೋದೆ. ಅವರು ಒಳ್ಳೆಯವರು. ಔಷಧಕ್ಕೆ ದೋಷವಿಲ್ಲ, ಬ್ಯಾನಿ ಇದ್ದವರಿಗೆ ಒಪ್ಪತ್ತಿಲ್ಲ, ನಾ ಬಿಡಿಸೇನಿ ಅಂತ ಹೇಳು ಎಂದು ವಿಭೂತಿ ಕೊಟ್ಟು ಕಳಿಸಿದರು. ಗೆದ್ದೆ ಎಂದುಕೊಂಡು ಓಡಿ ಬಂದೆ. ಅಕ್ಕಾರು ವಿಭೂತಿಯನ್ನು ಕಣ್ಣಿಗೊತ್ತಿ ಹಚ್ಚಿಕೊಂಡರು.

"ಅವರು ದೊಡ್ಡವರು, ಬಿಡಸ್ತಾರ," ಎಂದರು. "ಆದ್ರ ಕೊಟ್ಟಾಕಿ ನಾನಲ್ಲೇನ. ನೀನೂ ಬಂಕಾಪುರಕ್ಕ ಹೋಗಿ ಬೆಸಕೊಂಡ ಬಂದಿದ್ದಿ. ಕರೆಂಟ ಇದ್ದಿಲ್ಲ ಅಂದಿದ್ರ ನಾ ಏನರ ಅಂತಿದ್ನೇನು?"

ನಾನು ಎದ್ದು ಶಾಪಿಗೆ ಹೋದೆ.

ಆಮೇಲಿನದನ್ನು ಗಂಗವ್ವ ಹೇಳಿದ್ದು ಸ್ವಲ್ಪ, ನಾನು ಕಂಡದ್ದು ಸ್ವಲ್ಪ. ಸಂಜೆ ಒಂದೇ ಊಟವಾದ್ದರಿಂದ ಇಡೀ ದಿನದ್ದನ್ನು ಒಮ್ಮೆಲೇ ಉಣ್ಣಲು ನೋಡುತ್ತಿದ್ದರು. ಆ ಜಠರ ಹಿಡಿಯುತ್ತಿರಲಿಲ್ಲ. ಉಂಡದ್ದೆಲ್ಲ ಬಚ್ಚಲಿಗೆ ಹೋಗುತ್ತಿತ್ತು. ಮತ್ತೆ ಎರಡು ತುತ್ತು ಉಣ್ಣಿರಿ ಎಂದರೆ, ಕೈ ತೊಳೆದಾಯಿತು, ಕೈ ತೊಳೆದರೆ ಇವತ್ತಿನ ಊಟ ಮುಗಿಯಿತು ಎನ್ನುತ್ತಿದ್ದರು. ಹೊಟ್ಟೆಯಲ್ಲಿ ಏನೂ ಉಳಿಯದಿದ್ದರೂ ಒಪ್ಪತ್ತಿನ ನೇಮ ಮಾತ್ರ ಉಳಿಯುತ್ತಿತ್ತು. ಓಣಿಯ ಹೆಂಗಸರು ಬಂದು ಕಾಲು ಮುಟ್ಟಿ ಹೋದರು.

ಒಂದು ದಿನ ಸಾರಿಗೆ ಉಪ್ಪು ಎರಡು ಸಲ ಬಿತ್ತು. ಮೂಗಿನಿಂದ ಉಪ್ಪು ಹೇಳಿದವರು, ಹಾಕಿದ್ದನ್ನೇ ಮರೆತರು. ನಡೆಯುವಾಗ ಕಾಲು ಅಗಲಿಸಿ, ದೋಣಿಯಲ್ಲಿ ನಿಂತವರಂತೆ ಹೆಜ್ಜೆ ಇಡತೊಡಗಿದರು. ಗಂಗವ್ವ ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಕೊನೆಯ ವಾರದಲ್ಲಿ ನಾನು ಒಳಗೆ ಹೋದಾಗ ಸ್ಟೂಲಿನ ಮೇಲಿಂದ ನನ್ನನ್ನೇ ನೋಡಿ, ಇಬ್ಬರು ಯಾಕ ಬಂದೀರಿ, ಅವ ಯಾರು ಎಂದು ಕೇಳಿದರು. ನಾನು ಒಬ್ಬನೇ ಇದ್ದೆ. ಅವರ ಕಣ್ಣಿನ ಗುಡ್ಡೆಗಳು ಒಂದು ಕಡೆ ನಿಲ್ಲದೆ ಅಲುಗುತ್ತಿದ್ದವು. ಅವರನ್ನು ಕೇಳಲಿಲ್ಲ. ಎತ್ತಿ ವ್ಯಾನಿನಲ್ಲಿ ಹಾಕಿಕೊಂಡು ಹುಬ್ಬಳ್ಳಿಗೆ ಹೊಡೆದೆ. ಒಂದು ಕಾಲಕ್ಕೆ ಎಬ್ಬಿಸಲು ಮೂರು ಮಂದಿ ಬೇಕಾಗಿದ್ದವರನ್ನು ಅಂದು ನಾನೂ ಗಂಗವ್ವನೂ ಎತ್ತಿದೆವು.

ಗುಳಿಗೆ ಬಿಟ್ಟು ಎಷ್ಟು ದಿನವಾಯಿತು ಎಂದು ಡಾಕ್ಟರು ಕೇಳಿದರು. ಸುದ್ದಿ ತಿಳಿದು ಬಂದಿದ್ದ ಮಗಳು ಶ್ರಾವಣ ಎಂದಳು. ಡಾಕ್ಟರು ಒಂದು ವಿಟಮಿನ್ ಮೈಯಲ್ಲಿ ಪೂರ್ತಿ ಬತ್ತಿ ಮೆದುಳಿಗೆ ಪೆಟ್ಟಾಗಿದೆ ಎಂದರು. ಸಲಾಯಿನ್ ಹಚ್ಚಿ ಇಂಜೆಕ್ಷನ್ ಕೊಟ್ಟರು. ಕಣ್ಣು ನೆಟ್ಟಗಾಯಿತು. ಕಾಲು ನಿಧಾನಕ್ಕೆ ಅರ್ಧ ಬಂತು. ನೆನಪು ಬರಲಿಲ್ಲ. ಹಳೆಯದೆಲ್ಲ ಇತ್ತು, ನಾನಿದ್ದೆ, ಸ್ಟೂಲಿತ್ತು, ಸವಣೂರಿನ ಡ್ರೈವರ್ ಇದ್ದ. ಹೊಸದು ಮಾತ್ರ ನಿಲ್ಲುತ್ತಿರಲಿಲ್ಲ. ಈಗ ಹೇಳಿದ್ದು ಈಗಲೇ ಹೋಗುತ್ತಿತ್ತು.

ಖಾನಾವಳಿಯನ್ನು ಗಂಗವ್ವನಿಗೆ ಬಿಟ್ಟು ಮಗಳು ಅವರನ್ನು ಹಿರೇಕೆರೂರಿಗೆ ಕರೆದುಕೊಂಡು ಹೋದಳು. ಅಲ್ಲಿ ಶುರುವಾಯಿತು ಇನ್ನೊಂದು. ಅವರ ತಲೆಯಲ್ಲಿ ಕಾಲ ಶ್ರಾವಣಕ್ಕೇ ನಿಂತುಬಿಟ್ಟಿತ್ತು. ಮಗಳು ಬಟ್ಟಲು ಹಿಡಿದು ಬಂದರೆ, ಸಂಜೀಕ ಉಣ್ತೇನಿ, ಒಪ್ಪತ್ತ ಐತಿ ಎಂದು ಬಾಯಿ ಬಿಗಿಯುತ್ತಿದ್ದರು. ಶ್ರಾವಣ ಮುಗೀತವ್ವ ಎಂದರೆ ನಂಬುತ್ತಿರಲಿಲ್ಲ. ನೀ ನನ್ನ ಮಗಳು, ಉಣಸಾಕ ಸುಳ್ಳ ಹೇಳ್ತಿ ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಅವಳು ಸಾಕಾಗಿ ನನಗೆ ಫೋನು ಹಚ್ಚಿ ಅವರ ಕಿವಿಗೆ ಹಿಡಿದಳು.

"ತಮ್ಮಾ, ಶ್ರಾವಣ ಮುಗೀತೇನೋ?"

"ಮುಗೀತ್ರಿ ಅಕ್ಕಾರ. ಉಣ್ರಿ."

"ನೀ ಹೇಳಿದಿ ಅಂದ್ರ ಮುಗದಿರ್ತೈತಿ," ಎಂದರು. ಉಂಡರಂತೆ.

ಅಂದಿನಿಂದ ಪ್ರತಿ ಬಟ್ಟಲಿಗೂ ಫೋನು. ನಾನು ವೆಲ್ಡಿಂಗ್ ಹೋಲ್ಡರ್ ಕೆಳಗಿಟ್ಟು, ಕವಚ ಎತ್ತಿ, ಮುಗೀತ್ರಿ ಅಕ್ಕಾರ ಎನ್ನುತ್ತಿದ್ದೆ. ದೀಪಾವಳಿಗೂ ಹೇಳಿದೆ, ಸಂಕ್ರಾಂತಿಗೂ ಹೇಳಿದೆ, ಮೈಗೆ ಹೋಳಿಯ ಬಣ್ಣ ಬಿದ್ದ ದಿನವೂ ಹೇಳಿದೆ. ಹೊಸ ಗಿರಾಕಿಗಳು ನಗುತ್ತಿದ್ದರು. ಮಗಳ ಮನೆಗೆ ನೋಡಲು ಹೋದಾಗ ಅವರು ಹಾಸಿಗೆಯ ಮೇಲೆ ಕುಳಿತು ತೊಡೆಯ ಮೇಲೆ ಅಂಗೈ ಬಡಿಯುತ್ತ ತಿರುಗಿಸುತ್ತಿದ್ದರು. ಹಿಟ್ಟಿಲ್ಲದ ರೊಟ್ಟಿ. ಉಂಡಿ ಏನೋ ತಮ್ಮಾ ಎಂದು ಕೇಳಿದರು. ಉಂಡೇನ್ರಿ ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದರು.

ಈ ವರ್ಷ ಶ್ರಾವಣ ನಿಜವಾಗಿ ಬಂತು. ಆಗಲೇ ಅವರ ಎದೆಯಲ್ಲಿ ಕಫ ಕಟ್ಟಿತ್ತು. ನುಂಗುವುದು ಕಷ್ಟವಾಗಿ, ಮೈಯಲ್ಲಿ ತ್ರಾಣವಿರಲಿಲ್ಲ. ಹೊಟ್ಟೆಗೆ ಏನಾದರೂ ಹೋದರೆ ನಾಲ್ಕು ದಿನ, ಹೋಗದಿದ್ದರೆ ಅದೂ ಇಲ್ಲ ಎಂದು ಡಾಕ್ಟರು ಮಗಳಿಗೆ ಹೇಳಿದ್ದರು.

ಸೋಮವಾರ ಮಧ್ಯಾಹ್ನ ನಾನು ಖಾನಾವಳಿಯಲ್ಲಿ ಉಣ್ಣುತ್ತಿದ್ದೆ. ಗಂಗವ್ವ ಹಣೆ ತುಂಬ ವಿಭೂತಿ ಹಚ್ಚಿ, ತಾನು ಒಪ್ಪತ್ತಿದ್ದು, ನಮಗೆಲ್ಲ ಬಡಿಸುತ್ತಿದ್ದಳು. ಗುಡಿಯ ಮೈಕಿನಲ್ಲಿ ಭಜನೆ ನಡೆದಿತ್ತು. ಫೋನು ಬಂತು. ಎಂಜಲು ಕೈ, ಸ್ಪೀಕರ್ ಹಚ್ಚಿ ತಾಟಿನ ಪಕ್ಕ ಇಟ್ಟೆ. ದನಿ ಬಹಳ ಸಣ್ಣದಾಗಿತ್ತು, ಆದರೂ ಪಂಕ್ತಿಯವರಿಗೆಲ್ಲ ಕೇಳಿಸಿತು.

"ತಮ್ಮಾ... ಶ್ರಾವಣ ಮುಗೀತೇನೋ?"

ಎಲ್ಲರ ಕೈ ನಿಂತಿತು. ಹೊರಗೆ ಭಜನೆಯವರು ಈಶ್ವರನ ಹೆಸರು ಹೇಳುತ್ತಿದ್ದರು. ನಾನು ಗಿರಾಕಿಗೆ ಒಂದು ದಿನ ತಡವಾಗುತ್ತದೆ ಎಂದರೂ ಮೊದಲೇ ಹೇಳಿ ಕಳಿಸುವವನು.

"ಮುಗೀತ್ರಿ ಅಕ್ಕಾರ," ಎಂದೆ.

ಆ ಕಡೆಯಿಂದ ಮಾತು ಬರಲಿಲ್ಲ. ಭಜನೆ ಅವರಿಗೂ ಕೇಳಿಸಿತೋ ಏನೋ. ಗಂಗವ್ವ ರೊಟ್ಟಿಯ ಬುಟ್ಟಿಯನ್ನು ಸ್ಟೂಲಿನ ಮೇಲಿಟ್ಟು, ಹೋಗಿ ಬಾಗಿಲು ಮುಚ್ಚಿ, ಫೋನಿನ ಹತ್ತಿರ ಬಾಗಿದಳು.

"ಅಕ್ಕಾರ, ನಾ ಗಂಗವ್ವರಿ. ಯಾವಾಗೋ ಮುಗದೈತ್ರಿ. ನಾನೂ ಈಗ ಉಂಡೇನ್ರಿ."

ಬಹಳ ಹೊತ್ತಿನ ಮೇಲೆ ಚಮಚ ಬಟ್ಟಲಿಗೆ ತಾಗಿದ ಸಪ್ಪಳ ಕೇಳಿಸಿತು.